ಬೀದಿಯ ಎಲ್ಲರೂ ಇವಿ ತಗೊಂಡ್ರೆ ನಮ್ಮ ಟಿಸಿ (ಟ್ರಾನ್ಸ್‌ಫಾರ್ಮರ್) ತಡೆಯುತ್ತಾ?

ಪ್ರಶ್ನೆ: ನಮ್ಮ ಮನೆ ಉಡುಪಿ ಹತ್ತಿರ. ಬಚ್ಚಲ ಹಂಡೆ ಹೋಗಿ ಗೀಸರ್ ಬಂತು, ಗ್ಯಾಸ್ ಜೊತೆ ಇಂಡಕ್ಷನ್ ಬಂತು. ಈಗ ಅಕ್ಕಪಕ್ಕದವರು ಎಲೆಕ್ಟ್ರಿಕ್ ಕಾರು ತಗೊಳ್ತಾ ಇದ್ದಾರೆ. ಸಂಜೆ ಈಗಲೇ ವೋಲ್ಟೇಜ್ ಇರುವುದಿಲ್ಲ. ಮುಂದೆ ಹೇಗೆ?

ಉತ್ತರ: ಎಲ್ಲೂರಿನಲ್ಲಿ 1200 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರ ಇದೆ, ಹೊಸಂಗಡಿಯಲ್ಲಿ 460 ಮೆಗಾವ್ಯಾಟ್‌ನ ವಾರಾಹಿ ಜಲವಿದ್ಯುತ್ ಸ್ಥಾವರ ಇದೆ. ನಿಮ್ಮ ತೊಂದರೆ ಅಷ್ಟು ದೂರದ್ದಲ್ಲ. ಅದಿರುವುದು ನಿಮ್ಮ ರಸ್ತೆ ಬದಿಯ ಟಿಸಿಯಲ್ಲಿ, ಅಲ್ಲಿಂದ ಮನೆಗೆ ಬರುವ ತಂತಿಯಲ್ಲಿ.

100 ಕೆವಿಎ (ಹೆಚ್ಚುಕಡಿಮೆ 100 ಕಿಲೋವ್ಯಾಟ್) ಟಿಸಿಗೆ 50 ಮನೆ ಅಂತಿಟ್ಟುಕೊಳ್ಳಿ. ಮನೆಗೆ ಹೆಚ್ಚೆಂದರೆ 2 ಕಿಲೋವ್ಯಾಟ್. ಲೈಟು, ಫ್ಯಾನು, ಫ್ರಿಜ್ಜಿಗೆ ಅದು ಧಾರಾಳ. ಈಗ ಇನ್‌ಸ್ಟಂಟ್ ಗೀಸರ್ ಒಂದಕ್ಕೇ 3 ಬೇಕು, ಇಂಡಕ್ಷನ್‌ಗೆ 2. ಕಾರಿಗೆ 15 ಆಂಪ್ ಸಾಕೆಟ್ಟಿನಲ್ಲಿ 3.3, ಗೋಡೆಯ ಚಾರ್ಜರ್ ಆದರೆ 7.2. ಗೀಸರ್ ಹತ್ತು ನಿಮಿಷಕ್ಕೆ ಆಫ್ ಆಗುತ್ತದೆ, ಒಬ್ಬೊಬ್ಬರ ಸ್ನಾನದ ಹೊತ್ತೂ ಬೇರೆ. ಕರಾವಳಿಯ ನೀರು ಅಷ್ಟೇನೂ ತಣ್ಣಗಿಲ್ಲ; ಒಂದು ಬಕೆಟ್ ಬಿಸಿ ಮಾಡಲು ಅರ್ಧ ಯೂನಿಟ್ಟೂ ಬೇಡ. ಸೋಲಾರ್ ಹಾಕಿಸಿದರೆ ಅದೂ ಉಳಿಯಿತು. ಚಳಿಗಾಲವಿಡೀ ಮನೆಯನ್ನೇ ಬಿಸಿ ಇಡಬೇಕಾದ ಬ್ರಿಟನ್ನಿನಂಥ ದೇಶಗಳ ಕಷ್ಟ ನಮಗಿಲ್ಲ.

ಕಾರು ಮಾತ್ರ ಗಂಟೆಗಟ್ಟಲೆ ಎಳೆಯುತ್ತದೆ. ಆಫೀಸಿನಿಂದ ಬಂದ ಕೂಡಲೇ ಎಲ್ಲರೂ ಪ್ಲಗ್ ಹಾಕುತ್ತಾರೆ, ಅದೇ ಹೊತ್ತಿಗೆ ಎಸಿಗಳೂ ಶುರು. ತಂತಿಯಲ್ಲಿ ಕರೆಂಟ್ ಎರಡು ಪಟ್ಟಾದರೆ ಟಿಸಿಯ ಸುರುಳಿಯಲ್ಲಿ ಬಿಸಿ ನಾಲ್ಕು ಪಟ್ಟಾಗುತ್ತದೆ. ಒಳಗಿನ ಕಾಗದದ ಇನ್ಸುಲೇಶನ್ ಬೇಗ ಹಾಳಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ರಾತ್ರಿಯೂ ಸೆಕೆ, ಅಲ್ವಾ? ಟಿಸಿ ಆರುವುದೇ ಇಲ್ಲ.

ವೋಲ್ಟೇಜಿನ ಕತೆ ಬೇರೆ. ನಮ್ಮ ಮನೆಗಳು ತೋಟದ ನಡುವೆ ದೂರ ದೂರ, ಟಿಸಿಯಿಂದ ಮನೆಗೆ ಬರುವ ಎಲ್‌ಟಿ ಲೈನ್ ಉದ್ದ. ಪಕ್ಕದ ತೋಟದ ಪಂಪು ಸ್ಟಾರ್ಟ್ ಆದಾಗ ನಿಮ್ಮ ಬಲ್ಬು ಮಂಕಾಗುತ್ತದಲ್ಲ, ಅದು ತಂತಿಯಲ್ಲೇ ವೋಲ್ಟೇಜ್ ಕಳೆದುಹೋಗುವುದರಿಂದ. 230 ಇರಬೇಕಾದಲ್ಲಿ 180 ಬಂದರೆ ಗೀಸರಿನ ಶಕ್ತಿ ಸುಮಾರು ಶೇ. 60ಕ್ಕೆ ಇಳಿಯುತ್ತದೆ. ಇದಕ್ಕೆ ಮದ್ದು ದಪ್ಪ ತಂತಿ, ಇಲ್ಲವೇ ಮನೆಗಳ ಹತ್ತಿರಕ್ಕೇ ಇನ್ನೊಂದು ಟಿಸಿ. ಸುಮ್ನೆ ಸ್ಟೆಬಿಲೈಸರ್ ಕೊಂಡರೆ ನಿಮ್ಮ ಮನೆಗೆ ಸರಿಹೋಗಬಹುದು, ಲೈನಿಗೆ ಇನ್ನೂ ಭಾರ.

ಆದರೆ ಟಿಸಿ ಬದಲಾಯಿಸುವ ಮೊದಲೇ ಆಗುವ ಕೆಲಸವೊಂದಿದೆ. ಕಾರಿಗೆ 100 ಕಿಲೋಮೀಟರಿಗೆ ಸುಮಾರು 15 ಯೂನಿಟ್ ಸಾಕು. ಉಡುಪಿಯಿಂದ ಮಂಗಳೂರಿಗೆ ಹೋಗಿ ಬಂದರೂ 18ರ ಆಸುಪಾಸು. ರಾತ್ರಿ 11ಕ್ಕೆ ಟೈಮರ್ ಇಟ್ಟರೆ 15 ಆಂಪ್ ಸಾಕೆಟ್ಟಿನಲ್ಲೇ ಬೆಳಗಿನ 5ರೊಳಗೆ ತುಂಬುತ್ತದೆ. ಆ ಹೊತ್ತಿಗೆ ಟಿಸಿ ಹೆಚ್ಚುಕಡಿಮೆ ಖಾಲಿ. ಜನ ಹೊತ್ತು ನೋಡಿ ಕರೆಂಟ್ ಬಳಸಲಿ ಎಂದೇ 2023ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿತು: ಬಿಸಿಲಿನ ಹೊತ್ತಿನ ದರ ಮಾಮೂಲಿಗಿಂತ ಕನಿಷ್ಠ ಶೇ. 20 ಕಡಿಮೆ, ಪೀಕ್ ಹೊತ್ತಿನದು ಜಾಸ್ತಿ. ಇದಕ್ಕೆ ಸ್ಮಾರ್ಟ್ ಮೀಟರ್ ಬೇಕು.

ನಾನು ಒತ್ತಿ ಹೇಳುವುದು ಇದನ್ನು: ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. 2 ಕಿಲೋವ್ಯಾಟ್ ಬರೆಸಿಕೊಂಡು 7 ಎಳೆಯುವ ಮನೆಗಳು ಬೇಕಾದಷ್ಟಿವೆ. ಫಿಕ್ಸೆಡ್ ಚಾರ್ಜ್ ಏರುತ್ತದೆ ಅಂತ ಹೇಳದೇ ಇರುತ್ತಾರೆ. ಕಾಗದದಲ್ಲಿ ಇಲ್ಲದ ಲೋಡಿಗೆ ಯಾವ ಇಂಜಿನಿಯರೂ ದೊಡ್ಡ ಟಿಸಿ ಕೇಳಲಾರ. ಕಾರು ಬುಕ್ ಮಾಡಿದ ವಾರವೇ ಮೆಸ್ಕಾಂ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಿ; ಸಾಧ್ಯವಾದರೆ ಅಕ್ಕಪಕ್ಕದವರೂ ಒಟ್ಟಿಗೇ ಹೋಗಿ.