ಬೆಂಗಳೂರಿನ ತಾರಸಿಯಿಂದ 2.725 ಕೆಲ್ವಿನ್

ವಿಶ್ವ ಹುಟ್ಟಿ ಸುಮಾರು 3,80,000 ವರ್ಷಗಳಾದಾಗ ಹೊರಟ ಬೆಳಕು ದಾರಿಯಲ್ಲಿ ಹಿಗ್ಗುತ್ತಾ ಬಂದು ಈಗ ಮೈಕ್ರೋವೇವ್ ಆಗಿ ಎಲ್ಲ ದಿಕ್ಕಿನಿಂದಲೂ ನಮ್ಮನ್ನು ತಲುಪುತ್ತಿದೆ. ಇದೇ ವಿಶ್ವದ ಮೈಕ್ರೋವೇವ್ ಹಿನ್ನೆಲೆ ವಿಕಿರಣ. ಅದರ ತಾಪಮಾನ 2.725 ಕೆಲ್ವಿನ್. ನೆಲದ ಮೇಲೆ ನಿಂತು ಅದನ್ನು ಅಳೆಯುವುದು, ಲಾರಿಯನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸಿ ಅದರೊಳಗಿನ ಒಂದು ಮೂಟೆಯ ತೂಕ ಹೇಳಿದ ಹಾಗೆ. ಖಾಲಿ ಲಾರಿಯ ತೂಕ ಸರಿಯಾಗಿ ಗೊತ್ತಿಲ್ಲದಿದ್ದರೆ ಕಾಟಾ ಎಷ್ಟು ಸೂಕ್ಷ್ಮವಾಗಿದ್ದರೂ ಲಾಭವಿಲ್ಲ.

ಈ ವಿಕಿರಣವನ್ನು ಮೊದಲು ಪತ್ತೆಹಚ್ಚಿದ ಅರ್ನೋ ಪೆನ್ಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ 1965ರಲ್ಲಿ ಪ್ರಕಟಿಸಿದ್ದೂ ಇಂಥ ಕಳೆಯುವ ಲೆಕ್ಕವೇ. ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿದ್ದ 20 ಅಡಿಯ, ಕಹಳೆಯಂತೆ ಬಾಯಿ ಅಗಲವಾದ ಹಾರ್ನ್ ಆಂಟೆನಾ 4,080 ಮೆಗಾಹರ್ಟ್ಸ್‌ನಲ್ಲಿ ನೆತ್ತಿಯ ಕಡೆ ನೋಡಿದಾಗ 6.7 ಕೆಲ್ವಿನ್ ತೋರಿಸುತ್ತಿತ್ತು. ಅದರಲ್ಲಿ ವಾಯುಮಂಡಲದ ಪಾಲು 2.3, ಆಂಟೆನಾದ ಲೋಹದಲ್ಲಾಗುವ ನಷ್ಟ ಮತ್ತು ಹಿಂಬದಿಯಿಂದ ನುಸುಳುವ ನೆಲದ ಶಾಖ ಸೇರಿ 0.9. ಉಳಿದದ್ದು 3.5, ಒಂದು ಕೆಲ್ವಿನ್ ಆಚೀಚೆ. ಗದ್ದಲಕ್ಕೆ ಅದೇ ಕಾರಣವಿರಬಹುದೆಂದು ಆಂಟೆನಾದೊಳಗಿನ ಪಾರಿವಾಳದ ಹಿಕ್ಕೆ ತೊಳೆದ ಕತೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಆ ಅಳತೆಯ ಜೀವಾಳ ದ್ರವ ಹೀಲಿಯಂನಲ್ಲಿ ತಣಿಸಿದ, ಸುಮಾರು 4 ಕೆಲ್ವಿನ್‌ನ ಹೋಲಿಕೆಯ ಮೂಲ. ಹೆಚ್ಚುಕಡಿಮೆ ಆಕಾಶದಷ್ಟೇ ತಣ್ಣಗಿದ್ದ ವಸ್ತುವಿನೊಂದಿಗೆ ಆಕಾಶವನ್ನು ಹೋಲಿಸಿದ್ದರಿಂದ ತಪ್ಪಿಗೆ ಜಾಗ ಕಡಿಮೆಯಾಯಿತು.

ಇದೇ ಅಳತೆಯನ್ನು ಬೆಂಗಳೂರಿನ ತಾರಸಿಯಲ್ಲಿ ಮಾಡಲು ಅದೇ ಆವರ್ತನ ಹಿಡಿದರೆ ಕೆಲಸ ಕೆಡುತ್ತದೆ. 3.7ರಿಂದ 4.2 ಗಿಗಾಹರ್ಟ್ಸ್ ಈಗ ಟಿವಿ ಉಪಗ್ರಹಗಳ ಸಿ-ಬ್ಯಾಂಡ್. ಊರಿರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಾದ್ದರಿಂದ ಭೂಸ್ಥಿರ ಉಪಗ್ರಹಗಳ ಸಾಲು ನೆತ್ತಿಯಿಂದ ಬರೀ 15 ಡಿಗ್ರಿ ದಕ್ಷಿಣಕ್ಕೆ ಹಾದುಹೋಗುತ್ತದೆ. 20 ಡೆಸಿಬೆಲ್ ಗಳಿಕೆಯ (ಗೇನ್) ಚಿಕ್ಕ ಹಾರ್ನ್‌ಗೆ ಕಾಣುವ ಆಕಾಶವೇ ಸುಮಾರು 17 ಡಿಗ್ರಿ ಅಗಲ; ಅಂಚಿನಲ್ಲಿ ಉಪಗ್ರಹ ಸಿಕ್ಕೇ ಸಿಗುತ್ತದೆ. ಹಾಗಾಗಿ ರೇಡಿಯೋ ಖಗೋಳಕ್ಕೆ ಮೀಸಲಾದ 10.68–10.70 ಗಿಗಾಹರ್ಟ್ಸ್ ಪಟ್ಟಿ ವಾಸಿ, ಹಾರ್ನ್ ಉತ್ತರಕ್ಕೆ ವಾಲಿದ್ದರೆ ಇನ್ನೂ ವಾಸಿ. ಅದರ ಮೇಲೆಯೇ ಉಪಗ್ರಹಗಳ ಕು-ಬ್ಯಾಂಡ್ ಶುರುವಾಗುವುದರಿಂದ ಪಕ್ಕದ ಆವರ್ತನಗಳನ್ನು ಥಟ್ಟನೆ ತಡೆಯುವ ಕಡಿದಾದ ಫಿಲ್ಟರ್ ಬೇಕು. ಆದರೆ ಅದು ಮೊದಲ ಆಂಪ್ಲಿಫೈಯರ್‌ನ ನಂತರವೇ ಬರಬೇಕು. ಮುಂದಿಟ್ಟರೆ 1 ಡೆಸಿಬೆಲ್ ನಷ್ಟವೇ 78 ಕೆಲ್ವಿನ್‌ನಷ್ಟು ಗದ್ದಲ (ನಾಯ್ಸ್) ತಂದು ಸುರಿಯುತ್ತದೆ.

ಮುಂದಿನದು ತಾಪಮಾನದ ಅಳತೆಗೋಲು. ಇಂಗಾಲ ತುಂಬಿದ ಫೋಮ್ ಮೈಕ್ರೋವೇವ್ ಹೀರಿಕೊಳ್ಳುತ್ತದೆ. ಅದರ ಒಂದು ತುಂಡು ಕೋಣೆಯ ತಾಪದಲ್ಲಿ, ಇನ್ನೊಂದು ಥರ್ಮಾಕೋಲ್ ಡಬ್ಬಿಯೊಳಗೆ ದ್ರವ ಸಾರಜನಕದಲ್ಲಿ ಪೂರ್ತಿ ಮುಳುಗಿರಬೇಕು. ಎರಡನ್ನೂ ಹಾರ್ನ್‌ನ ಬಾಯಿಗೇ ಹಿಡಿಯಬೇಕು. ಹಾರ್ನ್‌ನಲ್ಲಿ 0.05 ಡೆಸಿಬೆಲ್ ನಷ್ಟವಿದ್ದರೂ ಅದು ಸೂಸುವ ಶಾಖ 3.4 ಕೆಲ್ವಿನ್, ಹುಡುಕುತ್ತಿರುವುದಕ್ಕಿಂತ ಹೆಚ್ಚು; ಬಾಯಿಯಲ್ಲೇ ಹೋಲಿಸಿದರೆ ಆ ಪಾಲು ಎರಡೂ ಕಡೆ ಸಮನಾಗಿ ಸೇರಿ ವಜಾ ಆಗುತ್ತದೆ.

ಪುಸ್ತಕದ ಪ್ರಕಾರ ದ್ರವ ಸಾರಜನಕ ಕುದಿಯುವುದು 77.4 ಕೆಲ್ವಿನ್‌ನಲ್ಲಿ. ಅದು ಸಮುದ್ರಮಟ್ಟದ ಮಾತು. 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಒತ್ತಡ ಸುಮಾರು 910 ಹೆಕ್ಟೊಪಾಸ್ಕಲ್, ಕುದಿಬಿಂದು 76.4ರ ಆಸುಪಾಸು. ಒಂದು ಡಿಗ್ರಿ ತಾನೇ ಎನ್ನುವ ಹಾಗಿಲ್ಲ. 298 ಮತ್ತು 76ರ ನಡುವೆ ಎಳೆದ ಗೆರೆಯನ್ನು ಆಕಾಶ, ಗಾಳಿ ಎರಡೂ ಸೇರಿದ 6 ಕೆಲ್ವಿನ್‌ವರೆಗೆ ಹಿಗ್ಗಿಸಿದಾಗ ಆ ತಪ್ಪು 1.3 ಪಟ್ಟು ಬೆಳೆಯುತ್ತದೆ, ಅಂದರೆ ಉತ್ತರದ ಅರ್ಧದಷ್ಟು! ಬಿಸಿ ತುದಿಯಲ್ಲಿ ಅಷ್ಟೇ ತಪ್ಪಾದರೆ ಮೂರನೇ ಒಂದು ಕೆಲ್ವಿನ್ ಮಾತ್ರ ಹೋಗುತ್ತದೆ. ಡಬ್ಬಿಯನ್ನು ಗಂಟೆಗಟ್ಟಲೆ ತೆರೆದಿಟ್ಟರೆ ಗಾಳಿಯ ಆಮ್ಲಜನಕ ಒಳಗೇ ದ್ರವವಾಗಿ ಕರಗಿ ಕುದಿಬಿಂದುವನ್ನು ಏರಿಸುತ್ತದೆ. ಹೊರಮೈಗೆ ಕಟ್ಟುವ ನೀರಿನ ಪದರವೂ ತನ್ನ ಶಾಖವನ್ನು ಸೇರಿಸುತ್ತದೆ. ಒರೆಸುತ್ತಲೇ ಇರಬೇಕು.

ವಾಯುಮಂಡಲವನ್ನು ಕಳೆಯಲು ಹಾರ್ನ್ ವಾಲಿಸಬೇಕು. ನೆತ್ತಿಯಲ್ಲಿ ಗಾಳಿಯ ದಪ್ಪ 1 ಎಂದುಕೊಂಡರೆ 45 ಡಿಗ್ರಿ ವಾಲಿಸಿದಾಗ 1.41, 60 ಡಿಗ್ರಿಗೆ 2. ತಾಪವನ್ನು ಈ ದಪ್ಪದ ಎದುರು ಗುರುತಿಸಿ, ಗೆರೆಯನ್ನು ಸೊನ್ನೆಗೆ ಒಯ್ದರೆ ಸಿಗುವುದು ಗಾಳಿಯಿಲ್ಲದ ಆಕಾಶ. ತೊಂದರೆ ಏನೆಂದರೆ, ವಾಲಿಸಿದಷ್ಟೂ ಪಕ್ಕದ ಕಟ್ಟಡ, ತೆಂಗಿನಮರ ಹಾರ್ನ್‌ನ ಬದಿಗಣ್ಣಿಗೆ ಬೀಳುತ್ತವೆ. ಅವು 300 ಕೆಲ್ವಿನ್, ಶೇ. 1ರಷ್ಟು ಸೋರಿದರೂ 3 ಕೆಲ್ವಿನ್ ಬಂತು. ಸುತ್ತಲೂ ಹೊರಕ್ಕೆ ಬಾಗಿದ ಅಲ್ಯೂಮಿನಿಯಂ ತಗಡು ನಿಲ್ಲಿಸಿದರೆ ನೆಲದ ಬದಲು ಆಕಾಶವೇ ಅದರಲ್ಲಿ ಪ್ರತಿಫಲಿಸುತ್ತದೆ. ತೆಳುಮೋಡವೂ ಗೆರೆಯನ್ನು ಸೊಟ್ಟಗಾಗಿಸುವುದರಿಂದ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ನಿಚ್ಚಳ ರಾತ್ರಿಗಳೇ ಸರಿ.

ಸೂಕ್ಷ್ಮತೆಯ ಚಿಂತೆ ಕಡಿಮೆ. ಒಟ್ಟು ಗದ್ದಲ 100 ಕೆಲ್ವಿನ್, ಪಟ್ಟಿಯ ಅಗಲ 20 ಮೆಗಾಹರ್ಟ್ಸ್ ಇದ್ದರೆ ಒಂದೇ ಸೆಕೆಂಡಿನಲ್ಲಿ 0.02 ಕೆಲ್ವಿನ್ ಗುರುತಿಸಬಹುದು. ಆದರೆ ಆಂಪ್ಲಿಫೈಯರ್ ಬೆಚ್ಚಗಾಗಿ ಅದರ ಗಳಿಕೆ 0.01 ಡೆಸಿಬೆಲ್ ಜಾರಿದರೆ 0.2 ಕೆಲ್ವಿನ್ ಹೋಯಿತು. ಅದಕ್ಕೇ ಆಕಾಶ ಮತ್ತು ಸ್ಥಿರ ಮೂಲದ ನಡುವೆ ಬೇಗಬೇಗ ಸ್ವಿಚ್ ಮಾಡುತ್ತಿರಬೇಕು.

ಇದು ಸರಾಸರಿ ತಾಪದ ಮಾತಾಯಿತು. ದಿಕ್ಕಿನಿಂದ ದಿಕ್ಕಿಗಿರುವ ಲಕ್ಷಕ್ಕೊಂದರಷ್ಟು ಏರಿಳಿತ ಬೇಕಿದ್ದರೆ ಬೆಂಗಳೂರಿನ ತೇವಕ್ಕೆ ಕೈಮುಗಿಯಬೇಕು. 90, 150 ಗಿಗಾಹರ್ಟ್ಸ್‌ನಲ್ಲಿ ನೀರಾವಿಯೇ ಮುಖ್ಯ ಶತ್ರು. ಆದ್ದರಿಂದಲೇ ಇಂಥ ದೂರದರ್ಶಕಗಳಿಗೆ ಚಿಲಿಯ ಅಟಕಾಮದಲ್ಲಿ 5,190 ಮೀಟರ್ ಎತ್ತರ ಮತ್ತು ದಕ್ಷಿಣ ಧ್ರುವ. ವಿಕಿರಣ ತಂದ ಶಾಖವನ್ನು ಅಳೆಯುವ ಅಲ್ಲಿನ ಸೂಪರ್‌ಕಂಡಕ್ಟರ್ ಬೊಲೊಮೀಟರ್‌ಗಳನ್ನು ಕೆಲ್ವಿನ್‌ನ ಹತ್ತನೇ ಒಂದರ ಆಸುಪಾಸಿಗೆ ತಣಿಸಿರುತ್ತಾರೆ.

ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ ಬೇರೆ ದಾರಿ ಹಿಡಿದಿದೆ. ದಿಕ್ಕು ಬಿಟ್ಟು ಆವರ್ತನದಲ್ಲಿ ಏರಿಳಿತ ಹುಡುಕುವುದು. ಅವರ ಸರಸ್-3 ಆಂಟೆನಾ 2020ರಲ್ಲಿ ದಂಡಿಗಾನಹಳ್ಳಿ ಕೆರೆ ಮತ್ತು ಶರಾವತಿ ಹಿನ್ನೀರಿನ ಮೇಲೆ ತೇಲಿತು. ಕಾರಣ ಸರಳ: ಮಣ್ಣಿನ ಪದರಗಳು ಆವರ್ತನಕ್ಕೊಂದು ಥರ ವರ್ತಿಸುತ್ತವೆ, ನೀರು ಏಕರೂಪ. ಆದಿ ಹೈಡ್ರೋಜನ್ ಈ ಹಿನ್ನೆಲೆ ವಿಕಿರಣವನ್ನು 78 ಮೆಗಾಹರ್ಟ್ಸ್‌ನಲ್ಲಿ ಅರ್ಧ ಕೆಲ್ವಿನ್ ಹೀರಿದೆ ಎಂದು ಎಡ್ಜಸ್ ಎಂಬ ರೇಡಿಯೋ ಪ್ರಯೋಗದ ತಂಡ 2018ರಲ್ಲಿ ಹೇಳಿತ್ತು. ಸರಸ್-3 ಅದನ್ನು 2022ರಲ್ಲಿ ಶೇ. 95.3 ವಿಶ್ವಾಸದೊಂದಿಗೆ ತಳ್ಳಿಹಾಕಿತು. ಅದೇ ಸಂಸ್ಥೆಯ ಅಪ್ಸರ ಯೋಜನೆಯ ಗುರಿ, ಎಲೆಕ್ಟ್ರಾನ್‌ಗಳು ಪರಮಾಣುಗಳಲ್ಲಿ ನೆಲೆಗೊಂಡಾಗ ಹೊಮ್ಮಿ ಈಗ 2–6 ಗಿಗಾಹರ್ಟ್ಸ್‌ನಲ್ಲಿ ಉಳಿದ ಅಲೆ. ಅದರ ಎತ್ತರ ಸುಮಾರು 8 ನ್ಯಾನೊಕೆಲ್ವಿನ್. 2015ರ ಅಂದಾಜಿನಂತೆ ಅದಕ್ಕೆ 128 ತಣಿಸಿದ ರಿಸೀವರ್‌ಗಳು 255 ದಿನ ನೋಡಬೇಕು, ಆಗಲೂ ಶೇ. 90 ವಿಶ್ವಾಸ. ಅಷ್ಟು ದಿನವೂ ಪ್ರತಿ ರಿಸೀವರ್‌ನ ವರ್ಣಪಟಲ ನುಣುಪಾಗಿರಬೇಕು: ಕೇಬಲ್ಲಿನಲ್ಲಿ ಗದ್ದಲ ಒಂದು ಸಲ ಹಿಂದಕ್ಕೆ ಪುಟಿದರೂ ಹುಡುಕುತ್ತಿರುವಂಥದ್ದೇ ಅಲೆ ಮೂಡುತ್ತದೆ.