ಸ್ಟೆಮ್ ಕಳಿಸುವ ಮುನ್ನ ಮಾಸ್ಟರ್ ಚಾನೆಲ್ ಖಾಲಿ ಮಾಡಿ

ಎಲೆಕ್ಟ್ರಾನಿಕ್ ಸಂಗೀತದ ಜೋಡಿಗಳು ಆಲ್ಬಮ್ ಮಾಡುವಾಗ ಇಬ್ಬರೂ ಒಂದೇ ಕೋಣೆಯಲ್ಲಿ ಕೂರಬೇಕೆಂದೇನೂ ಇಲ್ಲ. ಒಬ್ಬರು ಡ್ರಮ್, ಬೇಸ್ ಹಾಕಿ ಕಳಿಸುತ್ತಾರೆ. ಇನ್ನೊಬ್ಬರು ಅದರ ಮೇಲೆ ಸಿಂಥ್, ದನಿ ಸೇರಿಸಿ ವಾಪಸ್ ಕಳಿಸುತ್ತಾರೆ. ಇದು ಹೊಸ ಪದ್ಧತಿಯೂ ಅಲ್ಲ. ಅಮೆರಿಕದ ಪೋಸ್ಟಲ್ ಸರ್ವಿಸ್ ತಂಡದ ಜಿಮ್ಮಿ ಟ್ಯಾಂಬೊರೆಲ್ಲೊ ಮತ್ತು ಬೆನ್ ಗಿಬ್ಬರ್ಡ್ 2003ರ ತಮ್ಮ ಆಲ್ಬಮ್ಮನ್ನು ಡಿಜಿಟಲ್ ಟೇಪುಗಳನ್ನು ಅಂಚೆಯಲ್ಲಿ ಕಳಿಸಿಕೊಳ್ಳುತ್ತಲೇ ಕಟ್ಟಿದರು. ತಂಡಕ್ಕೆ ಆ ಹೆಸರು ಬಂದದ್ದೂ ಅದರಿಂದಲೇ. ಅಂಚೆಯಲ್ಲಿ ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸ ಈಗ ನಿಮಿಷಗಳಲ್ಲಿ ಮುಗಿಯುತ್ತದೆ. ಹಾಗಾಗಿ ಒಂದು ಹಾಡು ಇಬ್ಬರ ನಡುವೆ ಹತ್ತಾರು ಸಲ ಓಡಾಡುತ್ತದೆ. ಈ ಓಡಾಟದಲ್ಲೇ ಹುಟ್ಟುವ ಒಂದು ತಪ್ಪು ಮಿಕ್ಸಿಂಗ್ (ಸದ್ದುಗಳನ್ನು ಹದವಾಗಿ ಬೆರೆಸುವುದು), ಮಾಸ್ಟರಿಂಗ್ (ಬಿಡುಗಡೆಗೆ ಮುನ್ನ ಹಾಡಿಗೆ ಕೊನೆಯ ಹದ ಕೊಡುವುದು) ಮಾಡುವ ನಮ್ಮಂಥವರ ಬಳಿಗೆ ಮತ್ತೆ ಮತ್ತೆ ಬರುತ್ತಿದೆ. ಎಲ್ಲ ಸದ್ದುಗಳೂ ಕೊನೆಗೆ ಬಂದು ಸೇರುವ ಮಾಸ್ಟರ್ ಚಾನೆಲ್ ಮೇಲೆ ಲಿಮಿಟರ್ (ಸದ್ದು ಒಂದು ಮಿತಿ ದಾಟದಂತೆ ತಗ್ಗಿಸುವ ಸಾಧನ) ಹಾಗೇ ಬಿಟ್ಟು ಸ್ಟೆಮ್‌ಗಳನ್ನು, ಅಂದರೆ ಡ್ರಮ್, ಬೇಸ್, ದನಿ ಎಂದು ಬೇರೆಬೇರೆಯಾಗಿ ತೆಗೆದ ಫೈಲುಗಳನ್ನು, ಎಕ್ಸ್‌ಪೋರ್ಟ್ ಮಾಡುವುದೇ ಆ ತಪ್ಪು.

"ಲಿಮಿಟರ್ ತೆಗೆದು ಕಳಿಸಿ" ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ. ಪೂರ್ತಿ ಮಿಕ್ಸ್‌ನಿಂದ ತೆಗೆದೂ ತೆಗೆಯುತ್ತಾರೆ. ಸ್ಟೆಮ್‌ಗಳ ವಿಷಯಕ್ಕೆ ಬಂದಾಗ ಮಾತ್ರ ವಾದ ಶುರು: "ಎಲ್ಲ ಸ್ಟೆಮ್‌ಗಳೂ ಅದೇ ಲಿಮಿಟರ್ ಮೂಲಕ ಬಂದಿವೆಯಲ್ಲ, ಒಟ್ಟಿಗೆ ನುಡಿಸಿದರೆ ಅದೇ ಹಾಡು ಬರಬೇಕಲ್ಲವೇ?" ಬರುವುದಿಲ್ಲ. ಏಕೆ ಬರುವುದಿಲ್ಲ ಎಂಬುದನ್ನು ಅಂಕಿ ಹಾಕಿಯೇ ತೋರಿಸಬೇಕು. ಬರೀ ಬಾಯಿಮಾತಿನಲ್ಲಿ ಹೇಳಿ ಪ್ರಯೋಜನ ಕಂಡಿಲ್ಲ.

ಕಿಕ್‌ನ (ದೊಡ್ಡ ಡ್ರಮ್ಮಿನ ಹೊಡೆತ) ಪೀಕ್, ಅಂದರೆ ಅತಿ ಜೋರಾದ ಬಿಂದು, -2 ಡಿಬಿ (ಡೆಸಿಬೆಲ್; 0 ಎಂಬುದು ಡಿಜಿಟಲ್ ಸದ್ದಿನ ಗರಿಷ್ಠ ಮಟ್ಟ), ಬೇಸ್‌ನದು -3 ಡಿಬಿ, ಪ್ಯಾಡ್‌ನದು (ಹಿನ್ನೆಲೆಯ ದೀರ್ಘ ಸಿಂಥ್ ಸದ್ದು) -14 ಡಿಬಿ ಎಂದಿಟ್ಟುಕೊಳ್ಳಿ. ಕಿಕ್ ಮತ್ತು ಬೇಸ್‌ನ ಪೀಕ್‌ಗಳು ಒಂದೇ ಕ್ಷಣಕ್ಕೆ, ಒಂದೇ ದಿಕ್ಕಿನಲ್ಲಿ ಬಿದ್ದರೆ ಎರಡೂ ಸೇರಿ ಸುಮಾರು +3.5 ಡಿಬಿ ಆಗುತ್ತದೆ (ಲೆಕ್ಕ ಸರಳವಾಗಲೆಂದು ಪೀಕ್‌ಗಳನ್ನು ಕೂಡುವಾಗ ಪ್ಯಾಡ್‌ನ ಪಾಲು ಬಿಟ್ಟಿದ್ದೇವೆ). ಲಿಮಿಟರ್‌ನಲ್ಲಿ ಇನ್‌ಪುಟ್ 3 ಡಿಬಿ ಏರಿಸಿದ್ದೀರಿ, ಮೇಲ್ಮಿತಿ -1 ಡಿಬಿಗೆ ಇಟ್ಟಿದ್ದೀರಿ. ಪೂರ್ತಿ ಹಾಡು ನುಡಿಯುವಾಗ ಒಳಗೆ ಬರುವುದು +6.5, ಹೊರಗೆ ಹೋಗಬೇಕಾದದ್ದು -1. ಅಂದರೆ ಆ ಕ್ಷಣದಲ್ಲಿ ಲಿಮಿಟರ್ 7.5 ಡಿಬಿ ತಗ್ಗಿಸುತ್ತದೆ. ತಗ್ಗುವುದು ಕಿಕ್ ಒಂದೇ ಅಲ್ಲ. ಬೇಸ್, ಪ್ಯಾಡ್, ದನಿ, ರಿವರ್ಬ್‌ನ (ಪ್ರತಿಧ್ವನಿಯ) ಬಾಲ, ಎಲ್ಲವೂ ಒಟ್ಟಿಗೆ 7.5 ಡಿಬಿ ಕೆಳಗಿಳಿದು, ಕಿಕ್ ಮುಗಿದ ಮೇಲೆ ಮತ್ತೆ ಏರುತ್ತವೆ.

ಈಗ ಒಂದೊಂದನ್ನೇ ಸೋಲೊ ಮಾಡಿ (ಉಳಿದವನ್ನು ಮುಚ್ಚಿ) ಎಕ್ಸ್‌ಪೋರ್ಟ್ ಮಾಡಿ. ಕಿಕ್ ಒಂಟಿಯಾಗಿ +1ಕ್ಕೆ ಬರುತ್ತದೆ, ಲಿಮಿಟರ್ 2 ಡಿಬಿ ತಗ್ಗಿಸುತ್ತದೆ. ಬೇಸ್ 0ಗೆ ಬರುತ್ತದೆ, 1 ಡಿಬಿ ತಗ್ಗುತ್ತದೆ. ಪ್ಯಾಡ್ -11ರಲ್ಲೇ ಇದೆ, ಅದನ್ನು ಲಿಮಿಟರ್ ಮುಟ್ಟುವುದೇ ಇಲ್ಲ. ಈ ಮೂರನ್ನೂ ನಮ್ಮ ಕಡೆ ಒಟ್ಟಿಗೆ ಹಾಕಿದರೆ ಏನಾಗುತ್ತದೆ ನೋಡಿ. ಬೇಸ್‌ಗಿಂತ 1 ಡಿಬಿ ಮೇಲಿದ್ದ ಕಿಕ್ ಈಗ ಅದಕ್ಕೆ ಸಮ. ಕಿಕ್ ಬಿದ್ದ ಕ್ಷಣದಲ್ಲಿ ಪ್ಯಾಡ್, ಕಿಕ್‌ಗೆ ಹೋಲಿಸಿದರೆ, ಮೊದಲಿಗಿಂತ 2 ಡಿಬಿ ಜೋರು. ಪ್ಯಾಡ್ ತಾಳಕ್ಕೆ ತಕ್ಕಂತೆ ಇಳಿದು ಏಳುತ್ತಿದ್ದ ಆ ಉಸಿರಾಟ ಪೂರ್ತಿ ಮಾಯ. ಅದರ ಮೇಲೆ ಒಟ್ಟು ಪೀಕ್ +5 ಡಿಬಿ. ಲಿಮಿಟರ್ ಸಾಕಷ್ಟು ಕೆಡಿಸಿಯೂ ಆಯಿತು, ಮಾಡಬೇಕಾದ ಕೆಲಸ ಮಾಡಲೂ ಇಲ್ಲ. ನೀವಿಬ್ಬರೂ ತಿಂಗಳುಗಟ್ಟಲೆ ಕೇಳಿ ಒಪ್ಪಿಕೊಂಡ ಹಾಡು ಈ ಫೈಲುಗಳ ಒಳಗೆ ಇಲ್ಲ. ಮಿಕ್ಸ್ ಮಾಡುವವರು ಎಷ್ಟೇ ಒದ್ದಾಡಿದರೂ ಅದನ್ನು ಅಂದಾಜಿನಲ್ಲಿ ಮರುಕಟ್ಟಬಹುದು ಅಷ್ಟೆ.

ಮಟ್ಟವನ್ನಷ್ಟೇ ಏರಿಳಿಸುವ ಗೇನ್ ಪ್ಲಗಿನ್‌ಗೆ ಈ ತೊಂದರೆ ಇಲ್ಲ. ಮಾಸ್ಟರ್ ಮೇಲೆ -6 ಡಿಬಿ ಗೇನ್ ಇಟ್ಟರೆ ಪ್ರತಿ ಸ್ಟೆಮ್ಮೂ 6 ಡಿಬಿ ಇಳಿಯುತ್ತದೆ, ಕೂಡಿಸಿದಾಗ ಹಾಡೂ ಅಷ್ಟೇ ಇಳಿದಿರುತ್ತದೆ. ಮಾಮೂಲಿ ಈಕ್ಯೂ (ಬೇಸ್, ಟ್ರೆಬಲ್ ಹೊಂದಿಸುವ ಸಾಧನ) ಕೂಡ ಹಾಗೆಯೇ. ಒಳಗೆ ಬಂದ ಸದ್ದಿನ ಮಟ್ಟ ನೋಡಿ ವರ್ತನೆ ಬದಲಿಸುವ ಸಾಧನಗಳೇ ಕೈಕೊಡುವುದು: ಲಿಮಿಟರ್, ಕಂಪ್ರೆಸರ್ (ಜೋರಾದ ಸದ್ದನ್ನು ಒತ್ತಿ ಏರಿಳಿತ ಕಡಿಮೆ ಮಾಡುವುದು), ಸ್ಯಾಚುರೇಶನ್ (ತುಸು ವಿರೂಪ ಬೆರೆಸಿ ಸದ್ದಿಗೆ ಬಣ್ಣ ಕೊಡುವುದು), ಟೇಪ್ ಪ್ಲಗಿನ್, ಕ್ಲಿಪ್ಪರ್ (ಮಿತಿ ದಾಟಿದ ತುದಿಯನ್ನು ಕತ್ತರಿಸುವುದು).

"ಲಿಮಿಟರ್ ತೆಗೆದರೆ ಮಾಸ್ಟರ್ ಮೀಟರ್ ಕೆಂಪಾಗುತ್ತದೆ" ಎಂಬ ಭಯ ಇದ್ದೇ ಇದೆ. ಎಕ್ಸ್‌ಪೋರ್ಟ್ ಕಿಟಕಿಯಲ್ಲಿ 32 ಬಿಟ್ ಫ್ಲೋಟ್ ವೇವ್ ಆರಿಸಿ. ಅದರಲ್ಲಿ 0 ಡಿಬಿ ದಾಟಿದ ಸದ್ದೂ ಕತ್ತರಿಸಿ ಹೋಗುವುದಿಲ್ಲ, ಈ ಕಡೆ ಇಳಿಸಿಕೊಂಡರೆ ಸರಿಹೋಗುತ್ತದೆ. 24 ಬಿಟ್‌ನಲ್ಲೇ ಕಳಿಸುವುದಾದರೆ ಮೇಲೆ ಹೇಳಿದ ಗೇನ್ ಪ್ಲಗಿನ್ನಿನಿಂದ ಅತಿ ದೊಡ್ಡ ಪೀಕ್ -6 ಡಿಬಿ ಆಸುಪಾಸಿಗೆ ಬರುವಂತೆ ಮಾಡಿ. ಅದೇ ಕಿಟಕಿಯಲ್ಲಿ 'ನಾರ್ಮಲೈಸ್' ಎಂಬ ಗುಂಡಿ ಇರುತ್ತದೆ, ಅದು ಆಫ್ ಆಗಿದೆಯೇ ಎಂದು ಎರಡು ಸಲ ನೋಡಿ. ಆನ್ ಇದ್ದರೆ ಕೆಲವು ಸಾಫ್ಟ್‌ವೇರ್‌ಗಳು ಪ್ರತಿ ಸ್ಟೆಮ್ಮನ್ನೂ ಬೇರೆಬೇರೆಯಾಗಿ 0 ಡಿಬಿಗೆ ಏರಿಸುತ್ತವೆ; ಹಿನ್ನೆಲೆಯ ಸಣ್ಣ ಶೇಕರ್ ಕಿಕ್‌ನಷ್ಟೇ ಜೋರಾಗಿ ಬಂದು ಕೂರುತ್ತದೆ.

ಮಾಸ್ಟರ್ ಮೇಲಿನ ಕಂಪ್ರೆಸರ್ರೇ ಹಾಡಿನ ಜೀವ ಎನ್ನುವವರೂ ಇದ್ದಾರೆ. ಅವರ ಮಾತು ಸುಳ್ಳಲ್ಲ. ನೃತ್ಯ ಸಂಗೀತದಲ್ಲಿ ಎಷ್ಟೋ ಹಾಡುಗಳ ನಡೆ ಆ ಇಳಿಯೇರಿಕೆಯ ಮೇಲೇ ನಿಂತಿದೆ. ಅವರಿಗೆ ಒಂದು ದಾರಿ ಇದೆ. ಕಂಪ್ರೆಸರ್‌ಗೆ ಹೊರಗಿನ ಸೈಡ್‌ಚೈನ್ ಇನ್‌ಪುಟ್ (ಬೇರೊಂದು ಸದ್ದು ಕೇಳಿ ತಗ್ಗಿಸುವ ಸೌಲಭ್ಯ) ಇದ್ದರೆ, ಕಂಪ್ರೆಸರ್ ಆಫ್ ಇಟ್ಟ ಪೂರ್ತಿ ಮಿಕ್ಸನ್ನು ಒಂದು ಸ್ಟೀರಿಯೊ ಫೈಲ್ ಮಾಡಿ ಪ್ರಾಜೆಕ್ಟ್‌ಗೆ ತನ್ನಿ. ಆ ಟ್ರ್ಯಾಕ್‌ನ ಔಟ್‌ಪುಟ್ ಮಾಸ್ಟರ್‌ಗೆ ಹೋಗಬಾರದು. ಸೈಡ್‌ಚೈನ್‌ಗೆ ಮಾತ್ರ ಹೋಗಲಿ. ಆಮೇಲೆ ಕಂಪ್ರೆಸರ್ ಆನ್ ಮಾಡಿ ಒಂದೊಂದೇ ಸ್ಟೆಮ್ ತೆಗೆಯಿರಿ. ಕಂಪ್ರೆಸರ್ ಕೇಳಿಸಿಕೊಳ್ಳುವುದು ಪೂರ್ತಿ ಹಾಡನ್ನು, ತಗ್ಗಿಸುವುದು ಆ ಸ್ಟೆಮ್ಮನ್ನು. ಕೂಡಿಸಿದಾಗ ಲೆಕ್ಕ ಸರಿಹೋಗುತ್ತದೆ. ಕಂಪ್ರೆಸರ್ ಜೊತೆಗೆ ಬಣ್ಣವನ್ನೂ, ಅಂದರೆ ಸ್ಯಾಚುರೇಶನ್ನನ್ನೂ ಸೇರಿಸುವ ಬಗೆಯದ್ದಾದರೆ ಪೂರ್ತಿ ಸರಿಹೋಗದು, ಹತ್ತಿರ ಬರಬಹುದು.

ಸರಿಹೋಗಿದೆಯೇ ಎಂದು ತಿಳಿಯಲು ಕಿವಿ ಸಾಲದು, ನಲ್ ಟೆಸ್ಟ್, ಅಂದರೆ ಎರಡು ಸದ್ದು ಒಂದನ್ನೊಂದು ಪೂರ್ತಿ ಅಳಿಸುತ್ತವೆಯೇ ಎಂಬ ಪರೀಕ್ಷೆ, ಮಾಡಿ. ಹೊಸ ಖಾಲಿ ಪ್ರಾಜೆಕ್ಟ್ ತೆರೆಯಿರಿ. ಎಲ್ಲ ಸ್ಟೆಮ್‌ಗಳನ್ನೂ ಸೊನ್ನೆ ಸಮಯಕ್ಕೆ ಕೂರಿಸಿ, ಫೇಡರ್‌ಗಳು 0ಯಲ್ಲಿ, ಪ್ಯಾನ್ ನಡುವೆ ಇರಲಿ, ವಾರ್ಪ್ ಅಥವಾ ಟೈಮ್‌ಸ್ಟ್ರೆಚ್ ಆಫ್ ಮಾಡಿ. ಸ್ಟೆಮ್ ತೆಗೆದದ್ದು ಯಾವ ಸೆಟ್ಟಿಂಗ್‌ನಲ್ಲೋ ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಪೂರ್ತಿ ಮಿಕ್ಸನ್ನೂ ಸೇರಿಸಿ, ಅದರ ಪೊಲ್ಯಾರಿಟಿ ತಿರುಗಿಸಿ (ಅಲೆಯನ್ನು ತಲೆಕೆಳಗು ಮಾಡಿ) ನುಡಿಸಿ. ಎಲ್ಲ ಸರಿ ಇದ್ದರೆ ಏನೂ ಕೇಳಿಸಬಾರದು. ಏನಾದರೂ ಕೇಳಿಸಿದರೆ ಆ ಉಳಿಕೆಯೇ ತಪ್ಪು ಎಲ್ಲಿದೆ ಎಂದು ಹೇಳುತ್ತದೆ. ಕಿಕ್ ಬಿದ್ದಾಗಲೆಲ್ಲ ಮಾತ್ರ ಸದ್ದು ಉಳಿದರೆ, ಮಾಸ್ಟರ್ ಮೇಲೆ ಇನ್ನೂ ಏನೋ ಕುಳಿತಿದೆ. ಇಲ್ಲವೇ ಪ್ಯಾಡ್‌ನ ಸೈಡ್‌ಚೈನ್‌ಗೆ ಕಿಕ್ ತಲುಪಿಲ್ಲ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಪ್ಯಾಡ್ ಸೋಲೊ ಮಾಡಿದೊಡನೆ ಕಿಕ್ ಮ್ಯೂಟ್ ಆಗಿ ಹೀಗಾಗುತ್ತದೆ. ಒಂದೇ ವಾದ್ಯ ಉದ್ದಕ್ಕೂ ಮೆಲ್ಲಗೆ ಕೇಳಿಸಿದರೆ ಅದರ ಮಟ್ಟ ತಪ್ಪಿದೆ. ಮೋನೊ ಫೈಲ್ ಆಗಿ ತೆಗೆದ ಸ್ಟೆಮ್‌ಗಳು ಪ್ಯಾನ್ ನಿಯಮದ (ಎಡ-ಬಲಕ್ಕೆ ಹಂಚುವಾಗ ಮಟ್ಟ ಎಷ್ಟಿರಬೇಕೆಂಬ ಲೆಕ್ಕದ) ವ್ಯತ್ಯಾಸದಿಂದ 3 ಡಿಬಿ ಹೆಚ್ಚುಕಡಿಮೆ ಆಗುವುದು ಮಾಮೂಲಿ, ಆದ್ದರಿಂದ ಎಲ್ಲವನ್ನೂ ಸ್ಟೀರಿಯೊ ಆಗಿಯೇ ತೆಗೆಯಿರಿ. ಬರೀ ರಿವರ್ಬ್‌ನ ಬಾಲ ಉಳಿದರೆ ರಿವರ್ಬ್ ಕೂತಿರುವ ರಿಟರ್ನ್ ಚಾನೆಲ್ ಬಿಟ್ಟುಹೋಗಿದೆ, ಅಥವಾ ಎರಡು ಸಲ ಬಂದಿದೆ.

ಒಂದು ಎಚ್ಚರಿಕೆ. ಪ್ರತಿ ಸಲ ಬೇರೆ ಜಾಗದಿಂದ ಶುರುವಾಗುವ ಎಲ್‌ಎಫ್‌ಒ (ಸದ್ದನ್ನು ನಿಧಾನವಾಗಿ ಅಲುಗಿಸುವ ಅಲೆ), ಕೋರಸ್, ಗ್ರಾನ್ಯುಲರ್ ಸಿಂಥ್, ಹಳೆಯ ಅನಲಾಗ್ ಯಂತ್ರದ ನಡವಳಿಕೆ ಅನುಕರಿಸುವ ಪ್ಲಗಿನ್‌ಗಳು ಎರಡು ಎಕ್ಸ್‌ಪೋರ್ಟ್‌ನಲ್ಲಿ ಒಂದೇ ಥರ ನುಡಿಯುವುದಿಲ್ಲ. ಅವು ಎಂದಿಗೂ ನಲ್ ಆಗವು. ಅಂಥ ಟ್ರ್ಯಾಕ್‌ಗಳನ್ನು ಮೊದಲೇ ಆಡಿಯೊ ಆಗಿ ಬೌನ್ಸ್ ಮಾಡಿ, ನಿಮಗೆ ಇಷ್ಟವಾದ ಟೇಕನ್ನು ಗಟ್ಟಿ ಮಾಡಿಕೊಳ್ಳಿ. ಜೋಡಿಗಳಿಗೆ ಇದರಿಂದ ಇನ್ನೊಂದು ಲಾಭವೂ ಇದೆ: ಜೊತೆಗಾರರ ಕಂಪ್ಯೂಟರ್‌ನಲ್ಲಿ ಆ ಪ್ಲಗಿನ್ ಇಲ್ಲದಿದ್ದರೂ ಹಾಡು ತೆರೆಯುತ್ತದೆ.

ಇಬ್ಬರ ಪ್ರಾಜೆಕ್ಟ್‌ಗಳೂ ಒಂದೇ ಸ್ಯಾಂಪಲ್ ರೇಟ್‌ನಲ್ಲಿರಲಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ ಎಂದುಕೊಳ್ಳುತ್ತೇವೆ. 48 ಕಿಲೋಹರ್ಟ್ಸ್ ಫೈಲನ್ನು 44.1 ಎಂದು ತಿಳಿದು ನುಡಿಸಿದರೆ ವೇಗ ಶೇ 8ರಷ್ಟು ತಗ್ಗಿ ಸ್ವರ ಸುಮಾರು ಒಂದೂವರೆ ಸೆಮಿಟೋನ್ ಇಳಿಯುತ್ತದೆ. ಅದು ಯಾರಿಗಾದರೂ ಗೊತ್ತಾಗುತ್ತದೆ. ಗೊತ್ತಾಗದೇ ಉಳಿಯುವುದು ಟೆಂಪೊ. ಒಬ್ಬರದು ನಿಮಿಷಕ್ಕೆ 124 ಬೀಟ್, ಇನ್ನೊಬ್ಬರದು ಸಾಫ್ಟ್‌ವೇರ್ ಊಹಿಸಿದ 123.97 ಎಂದಾದರೆ ಮೊದಲ ನಿಮಿಷದಲ್ಲಿ ಎಲ್ಲ ಸರಿ ಕೇಳಿಸುತ್ತದೆ, ಐದನೇ ನಿಮಿಷದ ಹೊತ್ತಿಗೆ ಹೈಹ್ಯಾಟ್ ಎಡವುತ್ತಿರುತ್ತದೆ. ಟೆಂಪೊ ಅಂಕಿಯನ್ನು ದಶಾಂಶ ಸಮೇತ ಫೈಲಿನ ಹೆಸರಲ್ಲೇ ಬರೆಯಿರಿ.

ಮಾಸ್ಟರ್ ಮೇಲೆ ಲಿಮಿಟರ್ ಬಂದು ಕೂರುವುದಾದರೂ ಏಕೆ? ಕರಡುಗಳ ಓಡಾಟವೇ ಕಾರಣ. ಒಬ್ಬರು ಕಳಿಸಿದ್ದಕ್ಕಿಂತ ತುಸು ಜೋರಾದ ಕರಡು ಇನ್ನೊಬ್ಬರಿಂದ ಬರುತ್ತದೆ. ಜೋರಾದದ್ದು ಕಿವಿಗೆ ಚೆನ್ನಾಗಿಯೇ ಕೇಳಿಸುತ್ತದೆ, ಮನುಷ್ಯರ ಕಿವಿ ಇರುವುದೇ ಹಾಗೆ. ಮುಂದಿನ ಸಲ ಮೊದಲಿನವರೂ ಒಂದಿಷ್ಟು ಏರಿಸುತ್ತಾರೆ. ಯಾರೂ ಬೇಕೆಂದು ಮಾಡಿದ್ದಲ್ಲ. ಜೊತೆಗಾರರನ್ನು ಖುಷಿಪಡಿಸುವ ಆಸೆ ಅದರಲ್ಲಿ ಇರುತ್ತದೆ. ಆದರೆ ಕೆಲವು ಸುತ್ತು ಕಳೆಯುವಷ್ಟರಲ್ಲಿ ಎಲ್ಲ ನಿರ್ಧಾರಗಳೂ ಲಿಮಿಟರ್ ಒಳಗಿಂದ ಕೇಳಿ ಮಾಡಿದವು ಆಗಿರುತ್ತವೆ. ಕರಡುಗಳನ್ನು ಒಂದೇ ಮಟ್ಟಕ್ಕೆ, ಉದಾಹರಣೆಗೆ -18 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳುವ ಒಟ್ಟಾರೆ ಜೋರಿನ ಅಳತೆ) ಇಳಿಸಿ ವಿನಿಮಯ ಮಾಡಿಕೊಳ್ಳಿ. ಜೋರಾಗಿ ಕೇಳಬೇಕೆನಿಸಿದರೆ ಸ್ಪೀಕರ್‌ನ ಗುಂಡಿ ತಿರುಗಿಸಿ. ಹೇಗೂ ಸ್ಪಾಟಿಫೈ ಮಾಮೂಲಿ ಸೆಟ್ಟಿಂಗ್‌ನಲ್ಲಿ ಹಾಡನ್ನು -14 ಎಲ್‌ಯುಎಫ್‌ಎಸ್ ಸುತ್ತ ತಂದೇ ನುಡಿಸುತ್ತದೆ, ಆಪಲ್ ಮ್ಯೂಸಿಕ್ -16ರ ಸುತ್ತ. -8ಕ್ಕೆ ಒತ್ತಿದ ಹಾಡನ್ನು ಸ್ಪಾಟಿಫೈ 6 ಡಿಬಿ ಇಳಿಸಿಬಿಡುತ್ತದೆ. ಹಾಗೆಂದು -14 ಎಂಬುದೇ ಗುರಿ ಎಂದು ತಿಳಿಯಬೇಡಿ. ನೃತ್ಯದ ಹಾಡು ಅದಕ್ಕಿಂತ ಜೋರಾಗಿ ಇರಬಹುದು, ಕೆಲವಕ್ಕೆ ಇರಲೂಬೇಕು. ಆ ತೀರ್ಮಾನ ಮಾಸ್ಟರಿಂಗ್‌ನಲ್ಲಿ ಆಗಲಿ ಎಂಬುದಷ್ಟೇ ಕೋರಿಕೆ.

ಇಬ್ಬರೂ ತಂತಮ್ಮ ಸಬ್ ಬೇಸ್ (ಅತಿ ಕೆಳಗಿನ ಬೇಸ್) ತರುವುದು ಜೋಡಿಗಳ ಇನ್ನೊಂದು ತೊಡಕು. 40ರಿಂದ 60 ಹರ್ಟ್ಸ್ ನಡುವೆ ಎರಡು ಸದ್ದುಗಳಿಗೆ ಜಾಗವಿಲ್ಲ. ಒಂದು ಸ್ವರದಲ್ಲಿ ಕೂಡಿಕೊಂಡು ಗುಡುಗುತ್ತವೆ, ಮುಂದಿನದರಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಪ್ರತಿ ಹಾಡಿಗೂ ಸಬ್ ಯಾರದ್ದೆಂದು ಮೊದಲೇ ಮಾತಾಡಿಕೊಳ್ಳಿ, ಇನ್ನೊಬ್ಬರು ತಮ್ಮ ಬೇಸನ್ನು 90 ಹರ್ಟ್ಸ್ ಸುತ್ತ ಹೈಪಾಸ್ ಮಾಡಲಿ, ಅಂದರೆ ಅದಕ್ಕಿಂತ ಕೆಳಗಿನದನ್ನು ತೆಗೆಯಲಿ. ವಿನೈಲ್ ಕೂಡ ಬರುವುದಿದ್ದರೆ ಕೆಳಗಿನ ಬೇಸ್ ಮೋನೊ ಇರಲಿ, 12 ಇಂಚಿನ 33⅓ ತಟ್ಟೆಯ ಒಂದು ಬದಿಗೆ 18ರಿಂದ 20 ನಿಮಿಷ ಮೀರದಂತೆ ಹಾಡುಗಳನ್ನು ಹಂಚಿ.

ಹಾಡಿನಿಂದ ಹಾಡಿಗೆ ಸದ್ದು ನಿಲ್ಲದೆ ಹರಿಯುವ ಆಲ್ಬಮ್ ಮಾಡುವವರು ಫೈಲನ್ನು ತಾವೇ ಕತ್ತರಿಸಿ ಕಳಿಸಬಾರದು. ಎರಡೂ ಹಾಡುಗಳ ಬಾಲ ಮತ್ತು ತಲೆ ಪೂರ್ತಿ ಇರಲಿ, ಎಲ್ಲಿ ಬೆರೆಯಬೇಕೆಂದು ಬರೆದು ಕಳಿಸಿ. ಮಾಸ್ಟರಿಂಗ್ ಆದ ಮೇಲೆ ಕತ್ತರಿಸಿದರೆ ಮಾತ್ರ ಗಡಿಯಲ್ಲಿ ಟಿಕ್ ಸದ್ದು ಬರುವುದಿಲ್ಲ. ಸಿ.ಡಿ.ಗಾದರೆ ಆ ಗಡಿ ಸೆಕೆಂಡಿನ 75ರಲ್ಲಿ ಒಂದು ಭಾಗದ ಅಳತೆಗೆ, ಅಂದರೆ 588 ಸ್ಯಾಂಪಲ್‌ಗಳ ಲೆಕ್ಕಕ್ಕೆ ಸರಿಯಾಗಿ ಬೀಳಬೇಕು. ಆಲ್ಬಮ್‌ನ ಶಾಂತ ಹಾಡನ್ನು ಅಬ್ಬರದ ಹಾಡಿನಷ್ಟೇ ಜೋರು ಮಾಡಿ ಎಂದು ದಯವಿಟ್ಟು ಕೇಳಬೇಡಿ. ಆಲ್ಬಮ್ಮನ್ನು ಕ್ರಮವಾಗಿ ಕೇಳುವಾಗ ಸ್ಪಾಟಿಫೈ ಇಡೀ ಆಲ್ಬಮ್ಮಿಗೆ ಒಂದೇ ಹೊಂದಾಣಿಕೆ ಮಾಡುತ್ತದೆ, ನೀವು ಇಟ್ಟ ಏರಿಳಿತ ಉಳಿಯುತ್ತದೆ.

ಕೊನೆಗೆ ಪ್ರತಿ ಹಾಡಿಗೂ ಒಂದು ಫೋಲ್ಡರ್. ಅದರಲ್ಲಿ ಲಿಮಿಟರ್ ಸಮೇತ ನೀವು ಕೇಳಿ ಮೆಚ್ಚಿದ ಮಿಕ್ಸ್, ಇದು ನಮಗೆ ದಾರಿ ತೋರಿಸಲು. ಮಾಸ್ಟರ್ ಖಾಲಿ ಇಟ್ಟು ತೆಗೆದ ಮಿಕ್ಸ್. ಹಾಗೆಯೇ ತೆಗೆದ ಸ್ಟೆಮ್‌ಗಳು, ಎಂಟರಿಂದ ಹನ್ನೆರಡು ಸಾಕು. ತೆಗೆದ ಲಿಮಿಟರ್, ಕಂಪ್ರೆಸರ್‌ಗಳ ಸೆಟ್ಟಿಂಗ್‌ನ ಸ್ಕ್ರೀನ್‌ಶಾಟ್. ಬರಹಗಾರರ ಪಾಲು ಎಷ್ಟೆಷ್ಟು ಎಂದು ಇಬ್ಬರೂ ಸಹಿ ಹಾಕಿದ ಕಾಗದ ನಿಮ್ಮ ಬಳಿ ಇರಲಿ, ಪ್ರತಿ ಹಾಡಿನ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಖ್ಯೆ (ಆ ಧ್ವನಿಮುದ್ರಣದ ಅಂತರರಾಷ್ಟ್ರೀಯ ಗುರುತು) ಮಾತ್ರ ನಮಗೆ ಕಳಿಸಿ. ರೀಮಿಕ್ಸ್‌ಗೂ ಉದ್ದದ ಆವೃತ್ತಿಗೂ ಬೇರೆ ಸಂಖ್ಯೆ ಬೇಕು. ಮೊದಲ ಮಾಸ್ಟರ್ ಕೇಳಿದ ಮೇಲೆ ಇಬ್ಬರೂ ಬೇರೆಬೇರೆ ಸಂದೇಶ ಕಳಿಸಬೇಡಿ. ಒಬ್ಬರು "ಬೇಸ್ ಹೆಚ್ಚಿಸಿ", ಇನ್ನೊಬ್ಬರು "ಬೇಸ್ ತಗ್ಗಿಸಿ" ಎಂದರೆ ನಾವು ಯಾರ ಮಾತು ಕೇಳುವುದು? ಕೂತು ಮಾತಾಡಿ, ಒಪ್ಪಿದ್ದನ್ನು ನಿಮಿಷ-ಸೆಕೆಂಡ್ ಸಮೇತ ಒಂದೇ ಪಟ್ಟಿಯಲ್ಲಿ ಬರೆದು, ಒಬ್ಬರೇ ಕಳಿಸಿ.