ಎಂ.ಎಸ್. ಇರುವವರಿಗೆ ವಿಟಮಿನ್ ಡ್ರಿಪ್: ಮೆಗ್ನೀಸಿಯಂ ಲೆಕ್ಕ ಬಿಡಿಸಿಕೊಂಡಿದ್ದು

ಮೂರು ದಿನದಿಂದ ಒಂದೇ ಲೆಕ್ಕದ ಹಿಂದೆ ಬಿದ್ದಿದ್ದೆ. ನಿನ್ನೆ ರಾತ್ರಿ ಬಗೆಹರಿಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಕಾರವಾರದಲ್ಲಿ ನನ್ನ ಜೊತೆ ನರ್ಸಿಂಗ್ ಓದುತ್ತಿರುವವರಿಗೂ ಉಪಯೋಗಕ್ಕೆ ಬರಲಿ.

ಶುರುವಾಗಿದ್ದು ಶಿರಸಿಯಿಂದ ಬಂದ ಒಂದು ಫೋನಿನಿಂದ. ದೊಡ್ಡಮ್ಮನ ಮಗಳಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ಇದೆ. "ವಾರಕ್ಕೊಂದು ವಿಟಮಿನ್ ಡ್ರಿಪ್ ಹಾಕಿದ್ರೆ ಸುಸ್ತು ಹೋಗ್ತದೆ ಅಂತಾರೆ. ಹಾಕಿಸ್ಕೊಳ್ಳಲಾ ಬೇಡ್ವಾ, ನೀನೇ ಹೇಳು ತಂಗಿ" ಅಂದಳು ಅಕ್ಕ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಕಾಯಿಲೆಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಕ್ಲಾಸಿನಲ್ಲಿ ಆಗಿದೆ. ದೇಹದ ರೋಗನಿರೋಧಕ ಕಣಗಳೇ ಮೆದುಳು ಮತ್ತು ಬೆನ್ನುಹುರಿಯ ನರಗಳ ಮೇಲಿನ ಮೈಲಿನ್ ಹೊದಿಕೆಯನ್ನು ಹಾಳು ಮಾಡುತ್ತವೆ. ಅಷ್ಟು ಸಾಕು.

ಆದರೆ ಒಂದು ಗೊಂದಲ ಮೊದಲೇ ಬಿಡಿಸಬೇಕು. ಎಂ.ಎಸ್.ನಲ್ಲಿ ರಕ್ತನಾಳಕ್ಕೆ ಕೊಡುವ ಔಷಧಿಗಳು ಬೇರೆಯೂ ಇವೆ. ಕಾಯಿಲೆ ಉಲ್ಬಣಿಸಿದಾಗ ಮಿಥೈಲ್‌ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್, ದಿನಕ್ಕೆ 1 ಗ್ರಾಂನಂತೆ 3ರಿಂದ 5 ದಿನ. ಕಾಯಿಲೆಯ ಓಟ ತಗ್ಗಿಸಲು ಓಕ್ರೆಲಿಜುಮಾಬ್‌ನಂಥವು, 6 ತಿಂಗಳಿಗೊಮ್ಮೆ 600 ಮಿ.ಗ್ರಾಂ. ವಿಟಮಿನ್ ಡ್ರಿಪ್ ಕೂಡ ಅದೇ ಸ್ಟ್ಯಾಂಡಿಗೆ ನೇತು ಹಾಕುವ ಬಾಟಲಿ. ನೋಡುವವರಿಗೆ ಎಲ್ಲ ಒಂದೇ "ಸಲೈನ್". ಆದರೆ ವಿಟಮಿನ್ ಡ್ರಿಪ್ ಎಂ.ಎಸ್. ಅನ್ನು ನಿಧಾನ ಮಾಡುತ್ತದೆ ಎಂದು ಯಾವ ಪ್ರಯೋಗವೂ ತೋರಿಸಿಲ್ಲ. ಹಾಗಾಗಿ ಅದನ್ನು ಜೊತೆಗೆ ಕೊಡುವ ಆರೈಕೆ ಎನ್ನಬಹುದೇ ಹೊರತು, ಆ ಔಷಧಿಗಳ ಜಾಗದಲ್ಲಿ ಇಡುವ ಹಾಗಿಲ್ಲ.

ಈ ಡ್ರಿಪ್‌ನ ಮೂಲ ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಡಾಕ್ಟರ್ ಜಾನ್ ಮೈಯರ್ಸ್. ಅವರು 1984ರಲ್ಲಿ ತೀರಿಕೊಂಡ ಮೇಲೆ ಅಲನ್ ಗೇಬಿ ಎಂಬ ವೈದ್ಯರು ಅದನ್ನು ಮುಂದುವರಿಸಿ, 2002ರಲ್ಲಿ ಬರೆದು ಪ್ರಕಟಿಸಿದರು. ಮೆಗ್ನೀಸಿಯಂ, ಕ್ಯಾಲ್ಸಿಯಂ, ಬಿ ಗುಂಪಿನ ವಿಟಮಿನ್‌ಗಳು, ವಿಟಮಿನ್ ಸಿ. ಇದಕ್ಕೆ ಮೈಯರ್ಸ್ ಕಾಕ್‌ಟೇಲ್ ಎಂದೇ ಹೆಸರು. 2009ರಲ್ಲಿ ಫೈಬ್ರೊಮಯಾಲ್ಜಿಯಾ (ಮೈತುಂಬಾ ನೋವಿನ ಕಾಯಿಲೆ) ಇರುವ 34 ಜನರ ಮೇಲೆ ಒಂದು ಸಣ್ಣ ಪ್ರಯೋಗ ಪ್ರಕಟವಾಯಿತು. 8 ವಾರ, ವಾರಕ್ಕೊಮ್ಮೆ. ಅರ್ಧ ಜನಕ್ಕೆ ಬರೀ ರಿಂಗರ್ ಲ್ಯಾಕ್ಟೇಟ್, ಅಂದರೆ ವಿಟಮಿನ್ ಇಲ್ಲದ ಲವಣದ ನೀರು. ಎರಡೂ ಗುಂಪಿನವರಿಗೆ ಆರಾಮ ಎನಿಸಿತು, ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಇದನ್ನು ನಾನು ಎರಡು ಸಲ ಓದಿದೆ. "ಆರಾಮ ಆಯ್ತು" ಎನ್ನುವುದು ಸುಳ್ಳಲ್ಲ. ಅದು ವಿಟಮಿನ್‌ನಿಂದಲೇ ಆಯಿತಾ ಎನ್ನುವುದು ಬೇರೆ ಪ್ರಶ್ನೆ.

ಈಗ ನನ್ನನ್ನು ಮೂರು ದಿನ ಕಾಡಿದ್ದು: ಮೆಗ್ನೀಸಿಯಂ.

ಗೇಬಿಯವರ ಪಟ್ಟಿಯಲ್ಲಿರುವುದು 20% ಮೆಗ್ನೀಸಿಯಂ ಕ್ಲೋರೈಡ್, 2ರಿಂದ 5 ಮಿ.ಲೀ. ನಮ್ಮ ವಾರ್ಡುಗಳಲ್ಲಿ ಕೈಗೆ ಸಿಗುವುದು 50% ಮೆಗ್ನೀಸಿಯಂ ಸಲ್ಫೇಟ್. ಪಟ್ಟಿಯಲ್ಲಿ 5 ಮಿ.ಲೀ. ಇದೆ ಎಂದು ಸಲ್ಫೇಟನ್ನೂ 5 ಮಿ.ಲೀ. ಎಳೆದರೆ ಏನಾಗುತ್ತದೆ?

ಮೊದಲು ನನಗೆ ಇಷ್ಟವಾದ ಸುಲಭ ದಾರಿ. ಶೇಕಡಾ ಸಂಖ್ಯೆಯನ್ನು 10ರಿಂದ ಗುಣಿಸಿ. ಅದೇ ಒಂದು ಮಿ.ಲೀ.ನಲ್ಲಿರುವ ಮಿ.ಗ್ರಾಂ. 50% ಅಂದರೆ 500. 20% ಅಂದರೆ 200. ಕ್ಯಾಲ್ಸಿಯಂ ಗ್ಲುಕೋನೇಟ್ 10% ಅಂದರೆ 100. ಶೇಕಡಾ ಅಂದರೆ 100 ಮಿ.ಲೀ.ಗೆ ಎಷ್ಟು ಗ್ರಾಂ ಎಂದು ತಾನೆ? 50 ಗ್ರಾಂ ಅಂದರೆ 50,000 ಮಿ.ಗ್ರಾಂ, ಅದನ್ನು 100ರಿಂದ ಭಾಗಿಸಿದರೆ 500. ಇದನ್ನು ಒಮ್ಮೆ ಕೈಯಾರೆ ಮಾಡಿ ನೋಡಿ, ಆಮೇಲೆ ಮರೆಯುವುದಿಲ್ಲ.

ಹಾಗಾದರೆ 5 ಮಿ.ಲೀ. ಕ್ಲೋರೈಡ್‌ನಲ್ಲಿ 1 ಗ್ರಾಂ, 5 ಮಿ.ಲೀ. ಸಲ್ಫೇಟ್‌ನಲ್ಲಿ 2.5 ಗ್ರಾಂ. ಎರಡೂವರೆ ಪಟ್ಟು ಎಂದು ಬರೆದು ಪುಸ್ತಕ ಮುಚ್ಚಿದ್ದೆ. ಅದು ತಪ್ಪು.

ಯಾಕೆಂದರೆ ಆ ಗ್ರಾಂ ಲವಣದ್ದು, ಮೆಗ್ನೀಸಿಯಂನದ್ದಲ್ಲ. ಶಿರಸಿ ಕಡೆಯವರಿಗೆ ಇದು ಬೇಗ ತಿಳಿಯುತ್ತದೆ. ಸಿಪ್ಪೆ ಸಮೇತ ಹಣ್ಣಡಿಕೆ ಒಂದು ಕ್ವಿಂಟಾಲ್ ತೂಗಿದರೆ ಒಂದು ಕ್ವಿಂಟಾಲ್ ಚಾಲಿ (ಒಣಗಿಸಿ ಸುಲಿದ ಅಡಿಕೆ) ಆಗುತ್ತದಾ? ಇಲ್ಲ ಅಲ್ವಾ. ಸಿಪ್ಪೆ, ನೀರು ಎಲ್ಲ ಆ ತೂಕದಲ್ಲಿ ಸೇರಿರುತ್ತದೆ. ಮೆಗ್ನೀಸಿಯಂ ಸಲ್ಫೇಟ್ ತನ್ನ ಜೊತೆ 7 ನೀರಿನ ಅಣು ಕಟ್ಟಿಕೊಂಡಿರುತ್ತದೆ, ಅಣುತೂಕ 246.5. ಅದರಲ್ಲಿ ಮೆಗ್ನೀಸಿಯಂ ಪಾಲು 24.3 ಮಾತ್ರ. ಕ್ಲೋರೈಡ್ ಜೊತೆ 6 ನೀರು, ಅಣುತೂಕ 203.3. ಅಂದರೆ ಸಲ್ಫೇಟಿನ "ಸಿಪ್ಪೆ" ಜಾಸ್ತಿ ದಪ್ಪ. 1 ಗ್ರಾಂ ಸಲ್ಫೇಟ್‌ನಲ್ಲಿ ಸುಮಾರು 99 ಮಿ.ಗ್ರಾಂ ಮೆಗ್ನೀಸಿಯಂ, 1 ಗ್ರಾಂ ಕ್ಲೋರೈಡ್‌ನಲ್ಲಿ ಸುಮಾರು 120.

ಈಗ ಮತ್ತೆ ಲೆಕ್ಕ. ಕ್ಲೋರೈಡ್ 5 ಮಿ.ಲೀ. ಅಂದರೆ 120 ಮಿ.ಗ್ರಾಂ, ಸುಮಾರು 5 ಮಿಲಿಮೋಲ್ (ತೂಕದ ಬದಲು ಕಣಗಳ ಸಂಖ್ಯೆ ಹೇಳುವ ಅಳತೆ). ಸಲ್ಫೇಟ್ 5 ಮಿ.ಲೀ. ಅಂದರೆ 246 ಮಿ.ಗ್ರಾಂ, ಸುಮಾರು 10 ಮಿಲಿಮೋಲ್. ಎರಡು ಪಟ್ಟು. ಮಿಲಿಇಕ್ವಿವಲೆಂಟ್ (ಚಾರ್ಜಿನ ಲೆಕ್ಕದ ಅಳತೆ) ಕೇಳಿದರೆ ಮಿಲಿಮೋಲನ್ನು 2ರಿಂದ ಗುಣಿಸಿ, ಮೆಗ್ನೀಸಿಯಂಗೆ ಎರಡು ಚಾರ್ಜ್ ಇದೆ. ಮಿ.ಲೀ.ಗೆ ಮಿ.ಲೀ. ಬದಲಾಯಿಸಬಾರದು, ಮಿಲಿಮೋಲ್‌ಗೆ ಮಿಲಿಮೋಲ್ ನೋಡಬೇಕು. ಇನ್ನೊಂದು ಅಪಾಯವೂ ಇದೆ. ಸಲ್ಫೇಟ್ ಮತ್ತು ಕ್ಯಾಲ್ಸಿಯಂ ಒಂದೇ ಬಾಟಲಿಗೆ ಬಿದ್ದರೆ ಬಿಳಿ ಗಷ್ಟು ಕೂರಬಹುದು. ಕ್ಲೋರೈಡ್ ಜೊತೆ ಆ ತೊಂದರೆ ಇಲ್ಲ.

ಮೆಗ್ನೀಸಿಯಂ ಹೋಗುವಾಗ ಮೈ ಬಿಸಿಯಾಗುತ್ತದೆ, ಬಿ.ಪಿ. ಇಳಿಯಬಹುದು. ಕಿಡ್ನಿ ಸರಿ ಇಲ್ಲದವರಲ್ಲಿ ಅದು ದೇಹದಲ್ಲೇ ಉಳಿಯುತ್ತದೆ. ಹೆರಿಗೆ ವಾರ್ಡಿನಲ್ಲಿ ನಾವು ಕಲಿತದ್ದು ನೆನಪಿದೆಯಲ್ಲ? ಮೆಗ್ನೀಸಿಯಂ ಮಿತಿಮೀರಿದರೆ ಮೊಣಕಾಲಿನ ರಿಫ್ಲೆಕ್ಸ್ ಹೋಗುತ್ತದೆ. ಆದರೆ ಎಂ.ಎಸ್. ಇರುವವರ ಮೊಣಕಾಲು ಮೊದಲೇ ಜೋರಾಗಿ ಒದೆಯಬಹುದು. ಅವರಲ್ಲಿ "ಸಾಧಾರಣ" ಎಂದು ಕಂಡ ರಿಫ್ಲೆಕ್ಸ್ ನಿಜಕ್ಕೂ ಕುಗ್ಗಿದ್ದಿರಬಹುದು. ಆದ್ದರಿಂದ ಡ್ರಿಪ್ ಶುರು ಮಾಡುವ ಮೊದಲೇ ಒಮ್ಮೆ ತಟ್ಟಿ ನೋಡಿ ಬರೆದಿಡಬೇಕು.

ಉಳಿದವು ಬೇಗ ಬೇಗ. ಬಿ6 ತುಂಬಾ ದಿನ ಅತಿಯಾದರೆ ಕೈಕಾಲು ಜೋಮು ಹಿಡಿಯುತ್ತದೆ, ಎಂ.ಎಸ್. ಜಾಸ್ತಿಯಾಯಿತು ಎಂದು ಹೆದರುವಂತಾಗುತ್ತದೆ. ಬಿ12 ಕಮ್ಮಿಯಾದರೂ ಬೆನ್ನುಹುರಿ ಕೆಡುತ್ತದೆ, ಎಂ.ಎಸ್. ಥರವೇ ಕಾಣುತ್ತದೆ. ಕಾರವಾರದಲ್ಲಿ ಬಂಗಡೆ ತಿನ್ನುವವರಿಗಿಂತ ಶಿರಸಿಯ ಸಸ್ಯಾಹಾರಿ ಮನೆಗಳಲ್ಲಿ ಇದನ್ನು ಮರೆಯದೇ ಪರೀಕ್ಷಿಸಬೇಕು. ಕಮ್ಮಿ ಇದ್ದರೆ ಮಾಂಸಖಂಡಕ್ಕೆ ಇಂಜೆಕ್ಷನ್ ಅಥವಾ ದೊಡ್ಡ ಡೋಸಿನ ಮಾತ್ರೆ ಸಾಕು, ಬಾಟಲಿ ಬೇಕಿಲ್ಲ. ಬಿ ಗುಂಪಿನದೇ ಆದ ಬಯೋಟಿನ್ ದಿನಕ್ಕೆ 300 ಮಿ.ಗ್ರಾಂ ಕೊಟ್ಟು ಎಂ.ಎಸ್. ಇರುವ 642 ಜನರ ಪ್ರಯೋಗದಲ್ಲಿ ನೋಡಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಪ್ರಯೋಜನ ಕಾಣಲಿಲ್ಲ, ಮೇಲಾಗಿ ಅದರಿಂದ ಥೈರಾಯ್ಡ್, ಟ್ರೋಪೋನಿನ್ (ಹೃದಯಾಘಾತ ಪತ್ತೆಯ ಪರೀಕ್ಷೆ) ರಿಪೋರ್ಟುಗಳು ತಪ್ಪಾಗಿ ಬರಬಹುದು. ಜಾಸ್ತಿ ಡೋಸಿನ ವಿಟಮಿನ್ ಸಿ ಕೊಡುವ ಮೊದಲು ಜಿ6ಪಿಡಿ ಪರೀಕ್ಷೆ ಆಗಬೇಕು, ಆ ಕಿಣ್ವ ಇಲ್ಲದವರಲ್ಲಿ ಕೆಂಪು ರಕ್ತಕಣ ಒಡೆಯುತ್ತದೆ. ಜೊತೆಗೆ ಗ್ಲುಕೋಮೀಟರ್ ಸುಳ್ಳು ಸಕ್ಕರೆ ತೋರಿಸಬಹುದು.

ಸುಸ್ತು ಇಳಿಯುವುದರ ಬಗ್ಗೆ ನನಗೊಂದು ಅನುಮಾನ ಇದೆ. ಮೂತ್ರ ತಡೆಯಲಾಗದ ಹೆದರಿಕೆಗೆ ಅಕ್ಕ ನೀರೇ ಕುಡಿಯುವುದಿಲ್ಲ. ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗುವ ದಿನವಂತೂ ಬೆಳಿಗ್ಗೆಯಿಂದ ಒಂದು ಲೋಟವೂ ಇಲ್ಲ. ಹಾಗೆ ಒಣಗಿದ ಮೈಗೆ ಅರ್ಧ ಲೀಟರ್ ಬರೀ ಸಲೈನ್ ಹೋದರೂ ಹಗುರ ಎನಿಸಬಹುದು.

ಅಕ್ಕನಿಗೆ ಹೇಳಿದ್ದು ಇಷ್ಟು. ಈಗಿನ ಔಷಧಿ ಬಿಡಬೇಡ. ಮೊದಲು ಬಿ12, ವಿಟಮಿನ್ ಡಿ, ಕಿಡ್ನಿ ಪರೀಕ್ಷೆ ಮಾಡಿಸು. ಡ್ರಿಪ್ ಹಾಕುತ್ತೇವೆ ಎಂದವರ ಹತ್ತಿರ ಪ್ರತಿ ಆಂಪೂಲಿನ ಹೆಸರು, ಶೇಕಡಾ, ಎಷ್ಟು ಮಿ.ಲೀ. ಎಂದು ಬರೆಸಿಕೋ. ಆ ಚೀಟಿಯನ್ನು ಹುಬ್ಬಳ್ಳಿಯ ನರರೋಗ ಡಾಕ್ಟರಿಗೆ ತೋರಿಸು. "ಚೀಟಿಯ ಫೋಟೋ ನಿನಗೂ ಕಳಿಸ್ತೇನೆ, ಲೆಕ್ಕ ನೋಡು" ಅಂದಿದ್ದಾಳೆ. ಬಂದ ಕೂಡಲೇ ಮೊದಲು ನೋಡುವುದು ಮೆಗ್ನೀಸಿಯಂ ಮುಂದೆ ಕ್ಲೋರೈಡ್ ಇದೆಯಾ, ಸಲ್ಫೇಟ್ ಇದೆಯಾ ಎಂದು.